ಅತ್ತೆಯ ಕುಸ್ವಾರ್, ಸೊಸೆಯ ರಜೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ಉದ್ಯೋಗ, ವಯಸ್ಸುಗಳನ್ನು ಬದಲಿಸಿದೆ. ಹೆಸರಿನ ಬದಲು ಅತ್ತೆ, ಸೊಸೆ, ಮಗ ಎಂದೇ ಬರೆದಿದೆ.)

ನವೆಂಬರ್ ಮೂರನೇ ವಾರ ಸೊಸೆ ಒಬ್ಬರೇ ಬಂದರು. ದೂರು ಒಂದೇ ಸಾಲಿನದು: “ಡಿಸೆಂಬರ್ ಬಂತಂದ್ರ ಎದಿ ಹೊಡ್ಕೊಳ್ಳಾಕ ಶುರು ಆಗ್ತದ್ರೀ.” ತವರು ಧಾರವಾಡದ ಕಡೆ, ಬಾಸೆಲ್ ಮಿಷನ್ ಕಾಲದಿಂದ ಬಂದ ಕನ್ನಡದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಮನೆತನ. ಗಂಡ ಮಂಗಳೂರಿನ ಕಡೆಯ ಕೊಂಕಣಿ ಕ್ಯಾಥೊಲಿಕ್. ಮದುವೆಯಾಗಿ 8 ವರ್ಷ, 7 ವರ್ಷದ ಒಬ್ಬಳು ಮಗಳು, ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಇಬ್ಬರೂ ಕೆಲಸಕ್ಕೆ ಹೋಗುವವರು. ಮಾವ ತೀರಿಕೊಂಡು 14 ತಿಂಗಳಾಗಿತ್ತು. ಊರಿನ ಮನೆಗೆ ಬೀಗ ಹಾಕಿ ಅತ್ತೆ ಇವರ ಜೊತೆ ಬಂದಿದ್ದರು.

ಹಿಂದಿನ ವರ್ಷ ಸೂತಕದ ಕ್ರಿಸ್‌ಮಸ್. ಬಾಗಿಲಿಗೆ ನಕ್ಷತ್ರ ಕಟ್ಟಲಿಲ್ಲ, ಎಣ್ಣೆ ಬಾಣಲೆ ಇಡಲಿಲ್ಲ, ನೆಂಟರು ಕಳಿಸಿದ್ದನ್ನೇ ಮಗುವಿಗೆ ಕೊಟ್ಟರು. ಈ ವರ್ಷ ಎಲ್ಲವೂ ಊರಿನಲ್ಲಿ ನಡೆದಂತೆಯೇ ನಡೆಯಬೇಕೆಂದು ಅತ್ತೆ ಅಕ್ಟೋಬರಿನಲ್ಲೇ ಹೇಳಿದ್ದರು: 9 ಬಗೆಯ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ), ನೆರೆಹೊರೆಗೆ 22 ತಟ್ಟೆ. ಸೊಸೆ ಒಂದು ಉಪಾಯ ಮಾಡಿದರು. ಅತ್ತೆಗೆ ಮೊಣಕಾಲು ನೋವು, ತನಗೆ ವರ್ಷಾಂತ್ಯದ ಕೆಲಸ. ಹಾಗಾಗಿ ಬೇಕರಿಯೊಂದಕ್ಕೆ ಮುಂಗಡ ಕೊಟ್ಟು ಬಂದು, “ಮಮ್ಮಿ, ಈ ಸಲ ನೀವು ಆರಾಮಾಗಿ ಕೂತ್ಕೊಳ್ರಿ” ಎಂದರು. ಅತ್ತೆ ಎರಡು ದಿನ ತಮ್ಮ ಕೋಣೆಯಲ್ಲೇ ಊಟ ಮಾಡಿದರು. ಮೂರನೇ ದಿನ ಹೇಳಿದ್ದು: “ಬೇಕರಿಯದ್ದನ್ನು ತಟ್ಟೆಯಲ್ಲಿಟ್ಟು ಕೊಡುವಷ್ಟು ನಾವು ಬಡವರಾಗಿಲ್ಲ.” ಮಗ ಇಬ್ಬರಿಗೂ ಹೇಳಿದ್ದು ಒಂದೇ ಮಾತು, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದು.

ಮೊದಲ ಎರಡು ಭೇಟಿ ಬೇರೆ ಬೇರೆ. ಅತ್ತೆಯ ಜೊತೆ ಮಾತಾಡುವಾಗ ಮೊದಲು ನೋಡಬೇಕಾದದ್ದು ದುಃಖದ ಸ್ಥಿತಿಯನ್ನು. ನಿದ್ದೆ, ಹಸಿವು, ತೂಕ, ಪೂಜೆಗೆ ಹೋಗುವ ಮನಸ್ಸು, ಬದುಕು ಸಾಕು ಎನ್ನುವ ಯೋಚನೆ, ಇವನ್ನೆಲ್ಲ ನೇರವಾಗಿಯೇ ಕೇಳಲಾಯಿತು. ಸಾವಾಗಿ ವರ್ಷ ಕಳೆದ ಮೇಲೂ ದಿನವಿಡೀ ಅದೇ ಹಂಬಲ, ಎದ್ದು ಓಡಾಡಲೂ ಆಗದ ಸ್ಥಿತಿ ಇದ್ದರೆ ಅದು ಮನೋವೈದ್ಯರಿಗೆ ಕಳಿಸಬೇಕಾದ ಪ್ರಕರಣ; ಬದುಕು ಬೇಡವೆನ್ನುವ ಮಾತು ಬಂದರೆ ಅದೇ ದಿನ ಕಳಿಸಬೇಕು, ರಾತ್ರಿಯ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಅತ್ತೆ ಉಣ್ಣುತ್ತಿದ್ದರು, ಮೊಮ್ಮಗಳನ್ನು ಸ್ಕೂಲ್ ಬಸ್ಸಿಗೆ ಬಿಡುತ್ತಿದ್ದರು, ಬೆಳಗಿನ ಜಾವ 3ಕ್ಕೆ ಒಮ್ಮೆ ಎಚ್ಚರವಾಗುತ್ತಿತ್ತು, ಅಷ್ಟೆ. ಗಂಡನನ್ನು ಕಳೆದುಕೊಂಡದ್ದಕ್ಕಿಂತ ಹೆಚ್ಚು ಸಲ ಅವರ ಬಾಯಲ್ಲಿ ಬಂದದ್ದು ಅಡುಗೆಮನೆ. ಈ ಫ್ಲ್ಯಾಟಿನಲ್ಲಿ ಉಪ್ಪಿನ ಡಬ್ಬಿ ಎಲ್ಲಿರಬೇಕೆಂದೂ ಅವರು ಹೇಳುವಂತಿಲ್ಲ. ಡಿಸೆಂಬರ್ ಒಂದೇ ಅವರ ಮಾತು ನಡೆಯುವ ತಿಂಗಳು. ಸೊಸೆ ಕೆಲಸ ಇಳಿಸಲು ಹೊರಟು ಯಜಮಾನಿಕೆಯನ್ನೇ ಇಳಿಸಿಬಿಟ್ಟಿದ್ದರು. ಹಬ್ಬದ ಜಗಳಗಳಲ್ಲಿ ಈ ಎರಡನ್ನು ಬಿಡಿಸಿ ನೋಡದೆ ಸಲಹೆ ಕೊಟ್ಟರೆ ಅದು ಹೆಚ್ಚಾಗಿ ಉಲ್ಟಾ ಹೊಡೆಯುತ್ತದೆ.

ಮೂರನೇ ಭೇಟಿಗೆ ಮೂವರೂ ಬಂದರು. ಒಂದು ಹಾಳೆಯಲ್ಲಿ ಕುಸ್ವಾರಿನ ಲೆಕ್ಕ ಬರೆಸಲಾಯಿತು. ಇದಕ್ಕೆ ಸಮಯ ಕೊಟ್ಟಷ್ಟೂ ಒಳ್ಳೆಯದು. ‘ಸಂಪ್ರದಾಯ’ ಎಂಬ ದೊಡ್ಡ ಮಾತು ಕಿಲೋ ಮತ್ತು ಗಂಟೆಗಳಾಗಿ ಒಡೆದಾಗ ದನಿ ತಾನಾಗಿ ಇಳಿಯುತ್ತದೆ. ತಟ್ಟೆಗೆ 3ರಂತೆ 22 ತಟ್ಟೆಗೆ 66 ನೆವ್ರಿ (ಹೂರಣ ತುಂಬಿ ಕರಿದ ಕಡುಬು), ಮನೆಗೆ ಮತ್ತು ಬಂದುಹೋಗುವವರಿಗೆ 40. ಸಕ್ಕರೆ ಪಾಕದ ಸುರುಳಿ ತಿಂಡಿ ಕಿಡಿಯೊಗೆ 2 ಕೆಜಿ ಮೈದಾ. ಶಂಕರಪೋಳಿಯಂಥ ತುಕ್ಡಿ, ಚಕ್ಲಿ, ಗುಳಿಯೊ, ಕೊಕ್ಕಿಸ್, ಅಕ್ಕಿ ಲಾಡು, ಪೇರಳೆ ಹಣ್ಣಿನ ಪೆರಾದ್, ಕೇಕು. ತೆಂಗಿನಕಾಯಿ ಒಡೆದು ತುರಿಯುವುದರಿಂದ ಹಿಡಿದು ಬಾಣಲೆ ತೊಳೆಯುವವರೆಗೆ ಅವರದೇ ಲೆಕ್ಕದಲ್ಲಿ 40 ಗಂಟೆ ಮೀರಿತು. ಊರಿನಲ್ಲಿ ಈ 40 ಗಂಟೆ ಯಾರದ್ದು ಎಂದು ಕೇಳಿದಾಗ ಅತ್ತೆಯೇ ಎಣಿಸಿದರು: ತಾನು, ನಾದಿನಿ, ಪಕ್ಕದ ಮನೆಯ ಇಬ್ಬರು, ಕಾಯಿ ತುರಿದುಕೊಡುತ್ತಿದ್ದ ಗಂಡ. ಬೆಂಗಳೂರಿಗೆ ಪಟ್ಟಿ ಬಂದಿದೆ, ಕೈಗಳು ಬಂದಿಲ್ಲ. ಮಗ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅವರ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಒಬ್ಬರಿಗೊಬ್ಬರು ತೋರಿಸದಂತೆ, ಇಲ್ಲದಿದ್ದರೆ ಕ್ರಿಸ್‌ಮಸ್ ಅನ್ನಿಸದು ಎನ್ನುವಂಥ ಮೂರೇ ಮೂರು ಸಂಗತಿ ಬರೆಯಲು ಹೇಳಲಾಯಿತು. ಮೂರಕ್ಕಿಂತ ಹೆಚ್ಚು ಬಿಡಬಾರದು, ಬಿಟ್ಟರೆ ಪಟ್ಟಿ ಮತ್ತೆ ಹಳೆಯದೇ ಆಗುತ್ತದೆ. ಅತ್ತೆ ಬರೆದದ್ದು: ನೆವ್ರಿ ಮತ್ತು ಕಿಡಿಯೊ ಇರುವ ತಟ್ಟೆ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಎಲ್ಲರೂ ಕೂತು ಹೇಳುವ ತೇರ್ಸ್ (ಜಪಮಾಲೆ ಪ್ರಾರ್ಥನೆ). ಉಳಿದ ಏಳು ಬಗೆ ಪಟ್ಟಿಗೆ ಬರಲೇ ಇಲ್ಲ. ಸೊಸೆ ಬರೆದದ್ದು: 25ರ ಬೆಳಗಿನ ಕನ್ನಡ ಆರಾಧನೆ, ಮನೆಯಲ್ಲಿ ಕನ್ನಡ ಕ್ಯಾರಲ್, 25ರ ಮಧ್ಯಾಹ್ನ ಮಲಗಲು ಬಿಡುವು. ಮಗ ಒಂದನ್ನೇ ಬರೆದರು: ಪಪ್ಪ ಕಟ್ಟುತ್ತಿದ್ದ ಗೋದಲಿ. ಅವರು ಅದನ್ನು ಒಮ್ಮೆಯೂ ಕಟ್ಟಿರಲಿಲ್ಲ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಮಗನಿಗೆ. ತಟ್ಟೆಯ ಸಂಖ್ಯೆ ಇಳಿಸುವ ಮಾತನ್ನು ಹೆಂಡತಿಯ ಬಾಯಿಂದ ಆಡಿಸಬಾರದು. ತಾಯಿಗೆ ಮಗನೇ ಹೇಳಬೇಕು, ಅದೂ ‘ಅವಳಿಗೆ ಕಷ್ಟವಾಗುತ್ತೆ’ ಎಂದಲ್ಲ. “ಮಮ್ಮಿ, ಈ ವರ್ಷ 12 ತಟ್ಟೆ ಸಾಕು. ಯಾರ್‍ಯಾರಿಗೆ ಅಂತ ನೀವೇ ಹೇಳಿ, ಕೊಟ್ಟು ಬರುವುದು ನಾನು” ಎಂಬ ಮಾತನ್ನು ಅಲ್ಲೇ ಎರಡು ಸಲ ಹೇಳಿಸಲಾಯಿತು. ಮೊದಲ ಸಲ ಅವರು ಹೆಂಡತಿಯ ಮುಖ ನೋಡಿಕೊಂಡೇ ಹೇಳಿದರು.

ಎರಡನೆಯದು, ಹುಕುಂ ಅತ್ತೆಯದು, ಕೈ ಎಲ್ಲರದು. ಅಳತೆ, ಹದ, ರುಚಿ ಅವರ ತೀರ್ಮಾನ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಮಾತ್ರ ಅವರದ್ದು. ಕೇಕು ಬಿಟ್ಟರೆ ಮನೆಯಲ್ಲಿ ಮಾಡುವುದು ನೆವ್ರಿ, ಕಿಡಿಯೊ, ತುಕ್ಡಿ ಮೂರೇ. ಚಕ್ಲಿ, ಲಾಡು ಹೊರಗಿನಿಂದ. ಬೇಕರಿಯದ್ದು ತಟ್ಟೆಯಲ್ಲಿ ಬರಬಹುದೇ ಎಂದು ಕೇಳಿದಾಗ ಅತ್ತೆಯೇ ನಿಯಮ ಮಾಡಿದರು: “ನೆವ್ರಿ ನಮ್ಮದಿದ್ದರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ.” ಗುಳಿಯೊ ಬೇಡವೆಂದದ್ದೂ ಅವರೇ. ಅಕ್ಕಿಹಿಟ್ಟಿನ ಆ ಉಂಡೆಯೊಳಗೆ ತೇವ ಅಥವಾ ಗಾಳಿ ಸಿಕ್ಕಿಕೊಂಡರೆ ಕಾದ ಎಣ್ಣೆಯಲ್ಲಿ ಸಿಡಿಯುತ್ತದೆ. ಇಕ್ಕಟ್ಟಾದ ಅಡುಗೆಮನೆಯಲ್ಲಿ ಮಗು ಓಡಾಡುವಾಗ ಅದು ಸಲ್ಲದು.

ದಿನಗಳನ್ನು ಕೆಡುವ ಹೊತ್ತಿನ ಮೇಲೆ ಹಂಚಲಾಯಿತು. ತುಕ್ಡಿ ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಇರುತ್ತದೆ, ಆದ್ದರಿಂದ ಡಿಸೆಂಬರ್ ಎರಡನೇ ಶನಿವಾರಕ್ಕೆ. ಮಾರನೇ ದಿನ ಕಿಡಿಯೊ, 2 ಕೆಜಿಯಲ್ಲ, 1. ಮೈದಾಕ್ಕೆ ಚಿಟಿಕೆ ಉಪ್ಪು, ಬಿಸಿ ತುಪ್ಪ, ದಪ್ಪ ಕಾಯಿಹಾಲು ಹಾಕಿ ಕಲಸಿ, ಗೋಲಿ ಗಾತ್ರ ಕಿತ್ತು ಮುಳ್ಳುಚಮಚದ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತುವುದು. ಮಗಳೂ ಸೇರಬಹುದಾದ ಕೆಲಸ ಇದೇ. ಎಣ್ಣೆ ಜೋರಾಗಿ ಕಾದರೆ ಹೊರಗೆ ಬಣ್ಣ ಬಂದು ಒಳಗೆ ಹಸಿ ಉಳಿಯುತ್ತದೆ, ಮರುದಿನಕ್ಕೆ ಮೆತ್ತಗಾಗುತ್ತದೆ. ಕರಿದ ಮೇಲೆ ಹಾಕುವ ಸಕ್ಕರೆ ಪಾಕ ತೆಳುವಾಗಿದ್ದರೂ ಅದೇ ಗತಿ. ಎರಡೆಳೆ ಬಂದ ಮೇಲೆ ಸುರಿದು, ಸಕ್ಕರೆ ಬೆಳ್ಳಗೆ ಕಟ್ಟುವವರೆಗೆ ಕೈಯಾಡಿಸುತ್ತಿರಬೇಕು. ನೆವ್ರಿ ಕೊನೆಗೆ, 21 ಅಥವಾ 22ಕ್ಕೆ, ಯಾಕೆಂದರೆ ಹೂರಣದ ಕಾಯಿಗೆ ಬೇಗ ಮುಗ್ಗಲು ವಾಸನೆ ಬರುತ್ತದೆ. ಕಾಯಿತುರಿಯನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆಯೇ ಹುರಿದ ಎಳ್ಳು, ಪುಡಿಸಕ್ಕರೆ, ಏಲಕ್ಕಿ, ಗೋಡಂಬಿ, ದ್ರಾಕ್ಷಿ ಬೆರೆಸಬೇಕು. ಹೂರಣ ಬಿಸಿಯಿದ್ದರೆ ಸಕ್ಕರೆ ನೀರೊಡೆಯುತ್ತದೆ. ಹಾಳೆಯ ಅಂಚಿಗೆ ನೀರು ಸವರಿ ಒತ್ತದಿದ್ದರೆ, ಅಥವಾ ಆಸೆಪಟ್ಟು ಜಾಸ್ತಿ ತುಂಬಿದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಒಂದು ಒಡೆದರೂ ಸಾಕು, ಚೆಲ್ಲಿದ ಎಳ್ಳು-ಸಕ್ಕರೆ ಕರಕಾಗಿ ಮುಂದಿನ ಎಲ್ಲಕ್ಕೂ ಕಪ್ಪು ಚುಕ್ಕೆ ಹತ್ತುತ್ತದೆ. ಉರಿ ಆರಿಸಿ, ಎಣ್ಣೆ ತಣಿಸಿ ಸೋಸುವುದಲ್ಲದೆ ಬೇರೆ ದಾರಿಯಿಲ್ಲ. ಕರಿಯುವ ಕೆಲಸ ಮಗನಿಗೆ ಹೋಯಿತು. ಇದೇ ಆಕಾರದ ಕರ್ಚಿಕಾಯಿ ಸೊಸೆಯ ತವರಲ್ಲೂ ಉಂಟು, ಹೂರಣ ಪುಟಾಣಿ ಹಿಟ್ಟು ಮತ್ತು ಒಣಕೊಬ್ಬರಿಯದು. ಅದನ್ನೇ 20 ಮಾಡೋಣ ಎಂದು ಅತ್ತೆ ಹೇಳಿದ್ದು ಯಾರೂ ಕೇಳದೆಯೇ.

ಗೋದಲಿ ಪೂರ್ತಿ ಮಗನ ಪಾಲಿಗೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊದಲ್ಲಿ ಕಟ್ಟಿಸಿದ್ದರಿಂದ ಹಬ್ಬಿದ ಪದ್ಧತಿ ಇದು. ಊರ ಮನೆಯಲ್ಲಿ ಗದ್ದೆಯ ಮಣ್ಣು, ಹುಲ್ಲು ಕೈಗೆ ಸಿಗುತ್ತಿತ್ತು. ಫ್ಲ್ಯಾಟಿನಲ್ಲಿ ಹಸಿರಿಗೆ ಗೋಧಿ ಬಿತ್ತುವುದು ಸುಲಭ: ರಾತ್ರಿ ನೆನೆಸಿ, ತಳದಲ್ಲಿ ತೂತಿರುವ ತಟ್ಟೆಯಲ್ಲಿ ಎರಡು ಬೆರಳು ಮಣ್ಣಿನ ಮೇಲೆ ಹರಡಿ, 12ರ ಹೊತ್ತಿಗೆ ಬಿತ್ತಿದರೆ 24ಕ್ಕೆ ಗೇಣಿಗೆ ಸ್ವಲ್ಪ ಕಡಿಮೆ ಬೆಳೆದಿರುತ್ತದೆ. ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ಬೆಳಕಿಲ್ಲದ ಮೂಲೆಯಲ್ಲಿಟ್ಟರೆ ಹಳದಿಯಾಗಿ ಅಡ್ಡ ಬೀಳುತ್ತದೆ. ಒಣಹುಲ್ಲಿನ ಹತ್ತಿರ ಹಳೆಯ ಬಿಸಿ ಬಲ್ಬಿನ ಸೀರಿಯಲ್ ಸೆಟ್ ಬೇಡ, ಎಲ್‌ಇಡಿ ಸಾಕು. ಬಾಲಯೇಸುವನ್ನು 24ರ ರಾತ್ರಿಯವರೆಗೆ ಇಡುವುದಿಲ್ಲ. ಆ ಗೊಂಬೆಯನ್ನು ಯಾರು ಇಡಬೇಕೆಂಬ ಪ್ರಶ್ನೆಗೆ, ಅಜ್ಜಿ ಮೊಮ್ಮಗಳು ಸೇರಿ ಎಂದಾಯಿತು.

ಕೇಕಿನದ್ದು ಬೇರೆಯೇ ತಂಟೆ. ಅತ್ತೆಗೆ ಹಣ್ಣು ರಮ್ಮಿನಲ್ಲಿ ನೆನೆಯಬೇಕು, ಸೊಸೆಯ ತವರಲ್ಲಿ ಮದ್ಯದ ಹನಿಯೂ ಮನೆಯೊಳಗೆ ಬರುವುದಿಲ್ಲ. ಎರಡು ಸಣ್ಣ ಕೇಕು ಮಾಡಲು ಹೇಳಲಾಯಿತು. ರಮ್ಮಿನಲ್ಲಿ ಹಣ್ಣು ವಾರಗಟ್ಟಲೆ ಹೊರಗೇ ಇರಬಲ್ಲದು, ಕಿತ್ತಳೆ ರಸದಲ್ಲಿ ಇರಲಾರದು. ಅದನ್ನು ಫ್ರಿಜ್ಜಿನಲ್ಲಿ ಒಂದು ದಿನ ನೆನೆಸಿದರೆ ಸಾಕು, ಹೊರಗಿಟ್ಟು ಮರೆತರೆ ಹುಳಿಯುತ್ತದೆ.

ಚರ್ಚಿನ ವಿಷಯದಲ್ಲಿ ಆಪ್ತಸಲಹೆಗಾರರು ದೇವಶಾಸ್ತ್ರಕ್ಕೆ ಕೈ ಹಾಕಬಾರದು. 24ರ ರಾತ್ರಿ ಪೂಜೆಯಲ್ಲಿ ಎಲ್ಲರೂ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಎದ್ದು ಹೋದಾಗ, ಕ್ಯಾಥೊಲಿಕಳಲ್ಲದ ತಾನೊಬ್ಬಳೇ ಬೆಂಚಿನಲ್ಲಿ ಉಳಿಯುವುದು ಸೊಸೆಗೆ ಪ್ರತಿ ವರ್ಷದ ನೋವು. ಪ್ರಸಾದದ ನಿಯಮ ಅವರ ಚರ್ಚಿನ ಗುರುಗಳಿಗೆ ಬಿಟ್ಟದ್ದು. ಗಂಡ ಆ ಹೊತ್ತು ಹೋಗಿ ಬಂದು ಅವಳ ಪಕ್ಕದಲ್ಲೇ ಕೂರುವುದು, 25ರ ಬೆಳಿಗ್ಗೆ ಅವಳ ಆರಾಧನೆಗೆ ಗಂಡ-ಮಗಳು ಜೊತೆಗೆ ಹೋಗುವುದು, ಇವು ಕುಟುಂಬದ ಕೈಲಿರುವಂಥವು. ಯಾರ ಚರ್ಚು ಸರಿ ಎಂಬ ಮಾತು ಮಗುವಿನ ಮುಂದೆ ತಮಾಷೆಗೂ ಬರಬಾರದೆಂದು ಅತ್ತೆಗೂ ಸೊಸೆಗೂ ಒಂದೇ ದನಿಯಲ್ಲಿ ಹೇಳಲಾಯಿತು. 25ರ ಮಧ್ಯಾಹ್ನದ ಊಟಕ್ಕೆ ಇಡ್ಲಿಯಂಥ ಸಾನ್ನಾಂ ಮತ್ತು ಹಂದಿ ಬಫಾತ್ (ಮಸಾಲೆ ಸಾರು). ಬಫಾತನ್ನು ಹಿಂದಿನ ದಿನವೇ ಬೇಯಿಸಿಡಬಹುದು, ಮರುದಿನ ರುಚಿ ಹೆಚ್ಚುತ್ತದೆ ಕೂಡ. ಸಾನ್ನಾಂ ಹೊರಗಿನಿಂದ. 2ರಿಂದ 5ರವರೆಗೆ ಸೊಸೆಯ ಕೋಣೆಯ ಬಾಗಿಲು ತಟ್ಟುವಂತಿಲ್ಲ, ಅತಿಥಿಗಳು ಬಂದರೆ ಚಹಾ ಮಗನದು.

ಐದು ಕ್ರಿಸ್‌ಮಸ್‌ಗಳಿಂದ ಸೊಸೆ ತವರಿಗೆ ಹೋಗಿರಲಿಲ್ಲ. 26ರಿಂದ ಜನವರಿ 1ರವರೆಗೆ ಧಾರವಾಡ ಎಂದು ನಿಶ್ಚಯವಾಯಿತು. 31ರ ರಾತ್ರಿಯ ಆರಾಧನೆ ಅಲ್ಲಿ ಮನೆಮಂದಿಯೆಲ್ಲ ಸೇರುವ ಹೊತ್ತು. ಆದರೆ ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ನವೆಂಬರ್ ಕೊನೆಯಲ್ಲಿ ಎಲ್ಲವೂ ವೇಟಿಂಗ್. ಬಸ್ಸಿನಲ್ಲೇ ಹೋಗಬೇಕಾಯಿತು.

ಜನವರಿ ಎರಡನೇ ವಾರದ ಮರುಭೇಟಿಯಲ್ಲಿ ತಿಳಿದದ್ದು: 12 ತಟ್ಟೆ 17 ಆಗಿತ್ತು, ಐದನ್ನು ಅತ್ತೆ ಮೊಮ್ಮಗಳ ಜೊತೆ ಸೇರಿ ಸದ್ದಿಲ್ಲದೆ ಸೇರಿಸಿದ್ದರು. ಸೊಸೆ ಅದನ್ನು ನಗುತ್ತ ಹೇಳಿದ್ದರಿಂದ ಅಲ್ಲಿಗೆ ಬಿಡಲಾಯಿತು. ಗೋಧಿಗೆ ಬೂಷ್ಟು ಹಿಡಿದು ಮಗ 16ಕ್ಕೆ ಮತ್ತೆ ಬಿತ್ತಿದ್ದರು, ಗೋದಲಿಯ ಗದ್ದೆ ಎರಡೇ ಅಂಗುಲ. ಮಧ್ಯಾಹ್ನದ ನಿದ್ದೆ ಸಿಕ್ಕಿತ್ತು. ಎದೆ ಹೊಡೆದುಕೊಳ್ಳುವುದು ಎರಡು ಸಲ ಬಂದಿತ್ತಂತೆ, ಎರಡೂ ಕಚೇರಿಯಲ್ಲಿ. ಅದಕ್ಕೆ ರಕ್ತದೊತ್ತಡ ಮತ್ತು ಥೈರಾಯ್ಡ್ ಪರೀಕ್ಷೆಗೆ ಕಳಿಸಲಾಯಿತು. ತೇರ್ಸ್ ಕೊಂಕಣಿಯಲ್ಲೋ ಕನ್ನಡದಲ್ಲೋ ಎಂಬುದು ಇತ್ಯರ್ಥವಾಗಿಲ್ಲ. ಸೊಸೆ ಕೂರುತ್ತಾರೆ, ಬಾಯಿ ತೆರೆಯುವುದಿಲ್ಲ. ಅತ್ತೆ ಅದನ್ನು ಗಮನಿಸುತ್ತಾರೆ. ಒಂದು ರಹಸ್ಯ (ತೇರ್ಸಿನ ಒಂದು ಭಾಗ) ಕೊಂಕಣಿಯಲ್ಲಿ, ಮುಂದಿನದು ಕನ್ನಡದಲ್ಲಿ ಎಂಬ ಮಗನ ಸೂಚನೆಗೆ ಇಬ್ಬರೂ ಒಪ್ಪಿಲ್ಲ. ಮುಂದಿನ ಭೇಟಿ ಅಕ್ಟೋಬರ್ ಮೊದಲ ವಾರಕ್ಕೆ, ಬುಕಿಂಗ್ ತೆರೆಯುವ ಮೊದಲು. ಆ ಸಲ 24 ಮತ್ತು 25 ಧಾರವಾಡದಲ್ಲೇ ಎಂದು ಈಗಾಗಲೇ ಮಾತಾಗಿದೆ. ಅತ್ತೆ ಅವರ ಜೊತೆ ಹೋಗುತ್ತಾರೋ ಊರಿನ ನಾದಿನಿಯ ಮನೆಗೆ ಹೋಗುತ್ತಾರೋ ಎಂಬುದನ್ನು ಅವರೇ ಹೇಳಬೇಕು.