ಜವಾಬ್ದಾರಿ ಹಂಚಿದರೆ ಎಚ್‌ಎಂ ಮಾತು ನಡೆಯುತ್ತಾ?

ಮೇಡಂ, ಟೀಚರ್‌ಗಳಿಗೆ ಜವಾಬ್ದಾರಿ ಬಿಟ್ಟುಕೊಟ್ಟರೆ ಹೊಸ ಎಚ್‌ಎಂ (ಮುಖ್ಯ ಶಿಕ್ಷಕಿ) ಆದ ನಿಮ್ಮ ಮಾತು ನಡೆಯುತ್ತಾ ಅಂತ ಕೇಳಿದ್ದೀರಿ. ಖಂಡಿತ ನಡೆಯುತ್ತದೆ.

ನಾನು ಪೀಣ್ಯದ ಕಡೆ ಶಾಲೆಯಲ್ಲಿದ್ದಾಗ ಒಂದೇ ಕ್ಲಾಸಲ್ಲಿ ತಮಿಳು, ತೆಲುಗು, ಹಿಂದಿ ಮಾತಾಡುವ ಮಕ್ಕಳು. ನಾಲ್ಕನೇ ತರಗತಿಗೆ ಬಂದರೂ ಎಷ್ಟೋ ಜನಕ್ಕೆ ಒತ್ತಕ್ಷರ ಬರುತ್ತಿರಲಿಲ್ಲ. ನಮ್ಮ ಎಚ್‌ಎಂ ಸುಮ್ನೆ ಸುತ್ತೋಲೆ ಕಳಿಸಲಿಲ್ಲ. ಒಂದನೇ ತರಗತಿ ಟೀಚರನ್ನು ಕರೆದು, "ದಾರಿ ನೀವೇ ಹೇಳಿ" ಅಂದರು. ಅವರಿಗೆ ದಿನಕ್ಕೊಂದು ಪೀರಿಯಡ್ ಬಿಡುವು ಮಾಡಿಕೊಟ್ಟು, ಅವರ ಕ್ಲಾಸಿಗೆ ತಾವೇ ಹೋದರು. ಆ ಟೀಚರ್ ಹಳೇ ಲಗ್ನಪತ್ರಿಕೆಗಳ ಹಿಂದೆ ಒತ್ತಕ್ಷರ ಬರೆದು, ನಾಲ್ಕನೇ ತರಗತಿ ಮಕ್ಕಳನ್ನು ಗುಂಪಾಗಿ ಕೂರಿಸಿ ಆಡಿಸಿದರು. ನಾವೆಲ್ಲ ನೋಡಿ ಕಲಿತೆವು. ಎಚ್‌ಎಂ ಮೇಲಿನ ಗೌರವ ಜಾಸ್ತಿನೇ ಆಯಿತು.

ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಹುಟ್ಟಿದ್ದೂ ಹೀಗೇ ಅಲ್ವಾ? 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು, ತಾವೇ ಕೂತು ಕಲಿಕಾ ಕಾರ್ಡ್ ಮಾಡಿದರು.

ಆದರೆ ಬಿಸಿಯೂಟದ ಲೆಕ್ಕ ಬರೆಯುವ ಕೆಲಸವನ್ನು ಟೀಚರ್‌ಗೆ ದಾಟಿಸುವುದನ್ನು ಜವಾಬ್ದಾರಿ ಕೊಟ್ಟೆ ಅಂದುಕೊಳ್ಳಬೇಡಿ. ಪಾಠದ ವಿಷಯದಲ್ಲಿ ತೀರ್ಮಾನ ಮಾಡಲು ಬಿಡಿ. ಎಡವಟ್ಟಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮುಂದೆ ನೀವು ನಿಲ್ಲಿ. ನಿಮ್ಮ ಶಾಲೆಯ ಹಿರಿಯ ಗಣಿತ ಟೀಚರ್ ಬಗ್ಗೆಯೂ ಬರೆದಿದ್ದೀರಲ್ಲ, ಅವರಿಂದಲೇ ಶುರು ಮಾಡಿ.