ಕುರುಕ್ಷೇತ್ರ ಬಿಡಿ, ಐಡಹೊಗೆ ಬನ್ನಿ

ಪ್ರಿಯ ಲೇಖಕರೇ,

‘ಹಿಲರಿ ಸೋತದ್ದೇಕೆ?’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಕೈಬಿಡಿ ಎನ್ನಲೂ ಮನಸ್ಸು ಬಾರದೆ ಈ ಪತ್ರ ಬರೆಯುತ್ತಿದ್ದೇನೆ.

2008ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದೊಳಗೆ ಹಿಲರಿ ಕ್ಲಿಂಟನ್, ಬರಾಕ್ ಒಬಾಮ ನಡುವೆ ನಡೆದ ಅಧ್ಯಕ್ಷ ಅಭ್ಯರ್ಥಿಯ ಪೈಪೋಟಿ ಗಟ್ಟಿ ವಸ್ತು. ನೀವು ಅದನ್ನು ಕುರುಕ್ಷೇತ್ರ ಮಾಡಿಬಿಟ್ಟಿದ್ದೀರಿ. ಆ ಪದ ಏಳು ಸಲ ಬಂದಿದೆ, ಎಣಿಸಿದ್ದೇನೆ. ಒಬಾಮ ಬಾಣ ಬಿಡುತ್ತಾರೆ, ಹಿಲರಿಯ ರಥದ ಗಾಲಿ ಹೂತುಹೋಗುತ್ತದೆ, ಕಡೆಗೆ ‘ಅಹಂಕಾರವೇ ಮುಳುವಾಯಿತು’ ಎಂಬ ತೀರ್ಪು. ಅಹಂಕಾರ ಇಬ್ಬರಿಗೂ ಇದ್ದೀತು, ಇಲ್ಲದವರು ಆ ಕುರ್ಚಿಗೆ ಆಸೆಪಡುತ್ತಾರೆಯೇ? ನಾನು ಹುಡುಕಿದ್ದು ಲೆಕ್ಕವನ್ನು. ಅದು ಸಿಗಲಿಲ್ಲ.

ಅನೇಕ ರಾಜ್ಯಗಳು ಒಂದೇ ದಿನ ಮತ ಹಾಕಿದ ಫೆಬ್ರವರಿ 5ರ ‘ಸೂಪರ್ ಟ್ಯೂಸ್‌ಡೇ’ಯನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಕಥೆ ಇರುವುದೇ ಅಲ್ಲಿ. ಅಂದು ನ್ಯೂಜೆರ್ಸಿಯಲ್ಲಿ ಹಿಲರಿ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಭ್ಯರ್ಥಿಯನ್ನು ಆರಿಸುವ ಪಕ್ಷದ ಪ್ರತಿನಿಧಿಗಳ ಲೆಕ್ಕದಲ್ಲಿ ಅವರಿಗೆ 59, ಒಬಾಮಗೆ 48. ಲಾಭ 11. ಅದೇ ದಿನ ಐಡಹೊ ರಾಜ್ಯದಲ್ಲಿ ಕಾಕಸ್ ಎಂಬ ಆಯ್ಕೆ ಸಭೆಗೆ ಬಂದವರು ಸುಮಾರು 21,000 ಮಂದಿ ಅಷ್ಟೇ. ಅಲ್ಲಿ ಒಬಾಮಗೆ 15, ಹಿಲರಿಗೆ 3. ಲಾಭ 12! ರಿಪಬ್ಲಿಕನ್ನರ ಕೋಟೆ ಎಂದು ಬೇರೆಯವರು ಕಾಲಿಡದ ರಾಜ್ಯಗಳಲ್ಲಿ ಒಬಾಮ ಕಡೆಯವರು ತಿಂಗಳುಗಟ್ಟಲೆ ಮೊದಲೇ ಕಚೇರಿ ತೆರೆದು ಕೂತಿದ್ದರು. ಡೆಮಾಕ್ರಟರಲ್ಲಿ ಗೆದ್ದವರಿಗೇ ಎಲ್ಲವೂ ಸಿಗುವುದಿಲ್ಲ, ಮತದ ಪಾಲಿಗೆ ತಕ್ಕಂತೆ ಹಂಚಿಕೆ. ನಾಲ್ಕು ಪ್ರತಿನಿಧಿಗಳ ಕ್ಷೇತ್ರದಲ್ಲಿ ಇಬ್ಬರೇ ಕಣದಲ್ಲಿದ್ದರೆ 60% ಪಡೆದರೂ ಎರಡು–ಎರಡೇ. ಮೂರರ ಕ್ಷೇತ್ರದಲ್ಲಾದರೆ ಒಂದೇ ಮತ ಮುಂದಿದ್ದರೂ ಎರಡು–ಒಂದು. ಇದನ್ನು ಓದುಗರಿಗೆ ಬಿಡಿಸಿ ಹೇಳಿ, ಕರ್ಣನ ರಥ ತಾನಾಗಿ ಬೇಡವಾಗುತ್ತದೆ.

ಒಂದು ತಪ್ಪನ್ನು ಮಾತ್ರ ಒಪ್ಪಲಾಗದು. ‘ಅಯೋವಾದಲ್ಲಿ ಮತಪೆಟ್ಟಿಗೆ ತೆರೆದಾಗ’ ಎಂದು ಬರೆದಿದ್ದೀರಿ. ಡೆಮಾಕ್ರಟರ ಆ ಕಾಕಸ್‌ನಲ್ಲಿ ಪೆಟ್ಟಿಗೆಯೇ ಇರಲಿಲ್ಲ. ಜನವರಿ ಚಳಿಯ ಸಂಜೆ ಶಾಲೆ, ಚರ್ಚುಗಳಲ್ಲಿ ಸೇರಿದವರು ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಂತರು, ತಲೆ ಎಣಿಸಿದರು. ಸಾಮಾನ್ಯವಾಗಿ 15% ಮುಟ್ಟದ ಗುಂಪು ಒಡೆಯಬೇಕಿತ್ತು. ಆಗ ಪಕ್ಕದ ಮನೆಯವರೇ ಬಂದು ‘ನಮ್ಮ ಕಡೆ ಬನ್ನಿ’ ಎಂದು ಎಳೆಯುತ್ತಿದ್ದರು. ಹಿಲರಿ ಕೂದಲೆಳೆಯಷ್ಟರಲ್ಲಿ ಇನ್ನೊಬ್ಬ ಸ್ಪರ್ಧಿ ಜಾನ್ ಎಡ್ವರ್ಡ್ಸ್‌ಗಿಂತಲೂ ಹಿಂದೆ ಬಿದ್ದು ಮೂರನೆಯವರಾದದ್ದು ಇಂಥ ಕೋಣೆಗಳಲ್ಲಿ. ಅಂಥ ಒಂದು ಕೋಣೆಯನ್ನು ಕಣ್ಣಿಗೆ ಕಟ್ಟುವಂತೆ ಬರೆಯಿರಿ.

ನಮ್ಮಲ್ಲಿ ಬಿ ಫಾರಂ ಹೈಕಮಾಂಡ್ ಕೈಯಲ್ಲಿರುತ್ತದೆ. ಅಲ್ಲಿ ಅದನ್ನು ಮತದಾರರೇ ಕೊಡುತ್ತಾರೆ ಎಂದು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಇಲ್ಲವಾದರೆ ಒಂದೇ ಪಕ್ಷದವರು ಯಾಕೆ ಕಚ್ಚಾಡುತ್ತಾರೆಂದು ಓದುಗರು ತಲೆ ಕೆರೆದುಕೊಳ್ಳುತ್ತಾರೆ.

ನ್ಯೂಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್‌ನ ಕಾಫಿ ಅಂಗಡಿಯಲ್ಲಿ ಹಿಲರಿಯ ಗಂಟಲು ಕಟ್ಟಿದ ಪ್ಯಾರಾ ಚೆನ್ನಾಗಿದೆ, ಮುಟ್ಟಬೇಡಿ. ‘ಆ ಕಣ್ಣೀರೇ ಮರುದಿನ ನ್ಯೂಹ್ಯಾಂಪ್‌ಶೈರ್ ಗೆದ್ದುಕೊಟ್ಟಿತು’ ಎಂಬ ಕೊನೆಯ ಸಾಲನ್ನು ಮಾತ್ರ ಹೊಡೆದುಹಾಕಿ. ಹಾಗೆಂದು ನಂಬಿದವರು ಬಹಳ, ಸಾಬೀತು ಮಾಡಿದವರಿಲ್ಲ.

1,800 ಪದ ಹೆಚ್ಚಾಯಿತು, 1,200ಕ್ಕೆ ಇಳಿಸಿ. ಐಡಹೊದಿಂದಲೇ ಶುರುಮಾಡಿ ಬರುವ 10ನೇ ತಾರೀಕಿನೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ