ಎರಡು ಮಿಲಿಮೀಟರ್ ಇರುವೆ ‘ಮರಿ’ ಅಲ್ಲ

ನಮಸ್ಕಾರ.

ದರಕಿನ (ಉದುರಿದ ಒಣ ಎಲೆಗಳ) ಕೆಳಗೆ ಬೇಟೆಯಾಡುವ ಇರುವೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ತಪ್ಪು. ಸೊಪ್ಪಿನ ಬೆಟ್ಟದಿಂದ ತಂದ ದರಕನ್ನು ಮೊರದ ಮೇಲೆ ಜರಡಿ ಹಿಡಿದಾಗ ಎರಡು ಮಿಲಿಮೀಟರ್ ಉದ್ದದ ಇರುವೆ ಉದುರಿತು. ಅದನ್ನು ನೀವು ‘ಒಡಾಂಟೊಮೇಕಸ್ ಇರುವೆಯ ಮರಿ’ ಎಂದಿದ್ದೀರಿ, ಅಂದರೆ ಉದ್ದ ದವಡೆಯ ಆ ದೊಡ್ಡ ಇರುವೆಯ ಮರಿ. ಇರುವೆಯಲ್ಲಿ ಅಂಥ ಮರಿ ಇಲ್ಲ. ಮೊಟ್ಟೆಯಿಂದ ಬರುವುದು ಕಾಲಿಲ್ಲದ ಬಿಳಿ ಹುಳು. ಅದು ಇರುವೆಯಾಗಿ ಹೊರಬಂದ ಮೇಲೆ ಮತ್ತೆ ಬೆಳೆಯುವುದಿಲ್ಲ. ಓಡಾಡುವ ಇರುವೆ ಚಿಕ್ಕದಿದೆ ಎಂದರೆ ಅದರ ಅಳತೆಯೇ ಅಷ್ಟು.

ಉದ್ದ ದವಡೆ ನೋಡಿ ಹಾಗನ್ನಿಸಿತು, ಅಲ್ವಾ? ಒಡಾಂಟೊಮೇಕಸ್‌ಗೂ ನಿಮ್ಮ ಇರುವೆಗೂ ಇಲಿಬೋನಿನ ಹಾಗೆ ಫಟ್ಟನೆ ಮುಚ್ಚುವ ದವಡೆ ಇದೆ. ಆದರೆ ನೀವು ಕಳಿಸಿದ ಫೋಟೊವನ್ನೇ ದೊಡ್ಡದು ಮಾಡಿ ಸೊಂಟ ನೋಡಿ. ಒಡಾಂಟೊಮೇಕಸ್‌ನ ಸೊಂಟದಲ್ಲಿ ಒಂದೇ ಗಂಟು, ಅದರ ತುದಿಯಲ್ಲಿ ಮುಳ್ಳು. ನಿಮ್ಮ ಇರುವೆಗೆ ಎರಡು ಗಂಟು, ಅವುಗಳ ಸುತ್ತ ಸ್ಪಂಜಿನಂಥ ಬಿಳಿಚಿದ ಪದಾರ್ಥ. ತಲೆ ಹೃದಯದ ಆಕಾರ. ಕುಡಿಮೀಸೆಯ ಗೆಣ್ಣು ಎಣಿಸಿ: ಒಡಾಂಟೊಮೇಕಸ್‌ಗೆ 12, ಇದರ ಬಳಗಕ್ಕೆ ಹೆಚ್ಚೆಂದರೆ 6. ಇದು ಸ್ಟ್ರೂಮಿಜೆನಿಸ್ ಎಂಬ ಬೇರೆಯೇ ಕುಲದ ಇರುವೆ. ಉಷ್ಣವಲಯದ ಕಾಡುಗಳ ತರಗೆಲೆಯಲ್ಲಿ ಇದು ಧಾರಾಳವಾಗಿದೆ. ಬರಿಗಣ್ಣಿಗೆ ಮಣ್ಣಿನ ಕಣದಂತೆ ಕಾಣುವುದರಿಂದ ನಾವು ಗಮನಿಸುವುದಿಲ್ಲ, ಅಷ್ಟೇ.

ಹಾಗಂತ ಆ್ಯಪ್ ತೋರಿಸಿದ ಯಾವುದೋ ಪ್ರಭೇದದ ಹೆಸರು ಅಂಟಿಸಿ ವಾಪಸ್ ಕಳಿಸಬೇಡಿ. ಈ ಕುಲದಲ್ಲಿ 800ಕ್ಕೂ ಜಾಸ್ತಿ ಪ್ರಭೇದಗಳಿವೆ. ದವಡೆ ತುದಿಯ ಹಲ್ಲುಗಳು, ತಲೆಗೆ ಹೋಲಿಸಿದರೆ ದವಡೆಯ ಉದ್ದ, ತಲೆ ಮತ್ತು ಬೆನ್ನಿನ ಮೇಲೆ ಯಾವ ಕೂದಲು ಎಲ್ಲಿದೆ, ಚಮಚದಂತಿದೆಯೋ ದಾರದಂತಿದೆಯೋ, ಇದನ್ನೆಲ್ಲ ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಹೇಳಬೇಕು. ಮೊಬೈಲ್ ಫೋಟೊದಲ್ಲಿ ಅದು ಸಿಗದು. ಸ್ಪಿರಿಟ್‌ನಲ್ಲಿ ಎರಡು ಇರುವೆ ಎತ್ತಿಟ್ಟಿದ್ದೀರಲ್ಲ, ಅದು ಒಳ್ಳೆಯ ಕೆಲಸ. ಸಿಕ್ಕಿದ ಜಾಗ, ತಾರೀಕು ಬರೆದ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಒಳಗೆ ಹಾಕಿ. ಪೆನ್ನಿನ ಶಾಯಿ ಕರಗುತ್ತದೆ. ಇರುವೆ ಬಲ್ಲವರು ನೋಡುವವರೆಗೆ ಲೇಖನದಲ್ಲಿ ‘ಸ್ಟ್ರೂಮಿಜೆನಿಸ್ ಕುಲದ ಒಂದು ಇರುವೆ’ ಎಂದರೆ ಸಾಕು. ನನಗೆ ಅದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ.

ಚಗಳಿ (ಕೆಂಪಿರುವೆ) ಚಟ್ನಿಯ ಮೂರು ಪ್ಯಾರಾ ತೆಗೆಯಿರಿ. ‘ಪ್ರಕೃತಿಯ ಅದ್ಭುತ’ ಅನ್ನುವ ಮೊದಲ ಪುಟವೂ ಬೇಡ.

ಮೊರದ ಪುಟವನ್ನು ಮಾತ್ರ ಮುಟ್ಟಬೇಡಿ. ಮುಟ್ಟಿದ ಕೂಡಲೇ ಇರುವೆ ಮುದುಡಿ ಸತ್ತಂತೆ ಬಿದ್ದದ್ದು, ನೀವು ಉಸಿರು ಹಿಡಿದು ಕಾದದ್ದು, ಆಮೇಲೆ ಅದು ದವಡೆ ಅಗಲಿಸಿಕೊಂಡು ಒಂದೊಂದೇ ಹೆಜ್ಜೆ ಇಟ್ಟದ್ದು. ಇದನ್ನು ಓದುವಾಗ ನಾನೂ ಬಗ್ಗಿ ಕೂತಿದ್ದೆ. ನೀವು ‘ಬಿಳಿ ಚುಕ್ಕೆಯಂಥ ಹುಳ’ ಎಂದದ್ದು ಬಹುಶಃ ಸ್ಪ್ರಿಂಗ್‌ಟೇಲ್, ಈ ಇರುವೆಗಳ ಮುಖ್ಯ ಆಹಾರ. ಅಪಾಯ ಕಂಡರೆ ಅದು ಚಂಗನೆ ಹಾರಿಬಿಡುತ್ತದೆ. ಆ ನಿಧಾನದ ಹೆಜ್ಜೆ, ಆ ವೇಗದ ದವಡೆ ಎರಡೂ ಅದಕ್ಕಾಗಿಯೇ. ಈ ಕಾರಣ ಬರೆದರೆ ನಿಮ್ಮ ಪುಟಕ್ಕೆ ಇನ್ನೂ ಜೀವ ಬರುತ್ತದೆ.

ಒಂದು ಮಾತ್ರ ನೀವು ಹೇಳಿಲ್ಲ. ಹುಳ ಸಿಕ್ಕಿದ ಮೇಲೆ ಇರುವೆ ಏನು ಮಾಡಿತು? ಕುಟುಕಿತಾ, ಎತ್ತಿ ಹಿಡಿಯಿತಾ, ಸುಮ್ನೆ ನಿಂತಿತಾ? ನೆನಪಿದ್ದರೆ ಬರೆಯಿರಿ. ಇಲ್ಲದಿದ್ದರೆ ಇನ್ನೊಂದು ಬುಟ್ಟಿ ದರಕು ತಂದು ನೋಡಿ. ಕಾಯುತ್ತೇನೆ.

— ಸಂಪಾದಕ